ಚುಕ್ಕೆ ಮಾಯವಾದ ಮೇಲೆ

ಚೆನ್ನೈನ ಕೊಳತ್ತೂರು ಅಲಂಕಾರಿಕ ಮೀನುಗಳ ವ್ಯಾಪಾರಕ್ಕೆ ಹೆಸರಾದ ಬಡಾವಣೆ. ಗಪ್ಪಿ, ಮೋಲಿ, ಗೋಲ್ಡ್ ಫಿಶ್‌ಗಳ ಸಿಹಿನೀರಿನ ತೊಟ್ಟಿಗಳೇ ಅಲ್ಲಿ ಹೆಚ್ಚು. ನಡುವೆ ಎಲ್ಲೋ ನೀಲಿ ಬೆಳಕಿನ ಉಪ್ಪುನೀರಿನ ತೊಟ್ಟಿಯೂ ಕಣ್ಣಿಗೆ ಬೀಳುತ್ತದೆ. ಕಪ್ಪು ಮುಖ, ತಿಳಿನೀಲಿ ಮೈ, ಹಳದಿ ಬೆನ್ನುರೆಕ್ಕೆಯ ಪೌಡರ್ ಬ್ಲೂ ಟ್ಯಾಂಗ್ ಅಲ್ಲಿದ್ದರೆ ನೋಡುವವರ ಕಾಲು ಮುಂದಕ್ಕೆ ಹೋಗುವುದಿಲ್ಲ. ಹಿಂದೂ ಮಹಾಸಾಗರದ ಈ ಚೆಲುವನಿಗೆ ಹವ್ಯಾಸಿಗಳ ನಡುವೆ ಒಂದು ಕೆಟ್ಟ ಹೆಸರೂ ಇದೆ: ತೊಟ್ಟಿಗೆ ರೋಗ ಬಂದರೆ ಮೊದಲು ಹಿಡಿಯುವುದು ಇವನನ್ನೇ.

ಮನೆಗೆ ತಂದ ಕೆಲವೇ ದಿನಕ್ಕೆ ಮೀನಿನ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆಗಳು ಏಳುತ್ತವೆ. ಮೀನು ಕಲ್ಲಿಗೆ ಮೈ ಉಜ್ಜುತ್ತದೆ. ಮನೆಯವರು ಗಾಬರಿಯಾಗಿ ಬೆಳ್ಳುಳ್ಳಿ ರಸದಲ್ಲಿ ನೆನೆಸಿದ ತಿನಿಸು ಹಾಕುತ್ತಾರೆ. ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಚುಕ್ಕೆಗಳೆಲ್ಲ ಮಾಯ! ಬೆಳ್ಳುಳ್ಳಿಗೆ ಜೈಕಾರ ಬೀಳುತ್ತದೆ. ಏನೂ ಹಾಕದಿದ್ದರೂ ಆ ಚುಕ್ಕೆಗಳು ಮಾಯವಾಗುತ್ತಿದ್ದವು. ನಿಜವಾದ ಅಪಾಯ ಶುರುವಾಗುವುದೂ ಆಗಲೇ.

ಚುಕ್ಕೆಯೊಳಗೆ ಕೂತಿರುವುದು ಕ್ರಿಪ್ಟೋಕ್ಯಾರಿಯಾನ್ ಇರಿಟನ್ಸ್ ಎಂಬ ಏಕಕೋಶ ಜೀವಿ. ಹವ್ಯಾಸಿಗಳ ಬಾಯಲ್ಲಿ 'ಮರೀನ್ ಇಕ್'. ಇದು ಚರ್ಮಕ್ಕೆ ಅಂಟಿಕೊಳ್ಳುವುದಿಲ್ಲ, ಹೊರಪದರದ ಕೆಳಗೆ ನುಸುಳಿ ಅಲ್ಲೇ ಮೇಯುತ್ತದೆ. ಮೀನಿನ ಲೋಳೆಯನ್ನು ಹದವಾಗಿ ಕೆರೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಸುತ್ತಲೂ ಸಣ್ಣ ರೋಮಗಳಿರುವ ಕಪ್ಪು ಗುಂಡೊಂದು ನಿಧಾನಕ್ಕೆ ತಿರುಗುತ್ತಿರುವುದು ಕಾಣುತ್ತದೆ. ಮೂರರಿಂದ ಏಳು ದಿನ ಉಂಡು ಸುಮಾರು ಅರ್ಧ ಮಿಲಿಮೀಟರ್ ಗಾತ್ರಕ್ಕೆ ಬೆಳೆದ ಮೇಲೆ, ಹೆಚ್ಚಾಗಿ ಬೆಳಕು ಹರಿಯುವ ಮುಂಚಿನ ಕತ್ತಲಲ್ಲಿ, ಮೀನನ್ನು ಬಿಟ್ಟು ಇಳಿಯುತ್ತದೆ. ಮರಳಿನ ಮೇಲೋ ಕಲ್ಲಿನ ಮೇಲೋ ಕೆಲವು ಗಂಟೆ ತೆವಳಿ, ಗಟ್ಟಿ ಕೋಶ ಕಟ್ಟಿಕೊಂಡು ಒಳಗೇ ಒಡೆಯುತ್ತಾ ಹೋಗುತ್ತದೆ. ಒಂದು ಕೋಶದಿಂದ ಇನ್ನೂರರಷ್ಟು ಮರಿಗಳು ಹೊರಬರಬಲ್ಲವು. ಅವು ಈಜಾಡಿ ಒಂದೆರಡು ದಿನದೊಳಗೆ ಮೀನನ್ನು ಹುಡುಕಿಕೊಳ್ಳಬೇಕು, ಇಲ್ಲವಾದರೆ ಸಾವು.

ತೆರೆದ ಕಡಲಿನಲ್ಲಿ ಬಹುಪಾಲು ಮರಿಗಳು ಸಾಯುತ್ತವೆ. ಪ್ರವಾಹ ಅವನ್ನು ಎಲ್ಲಿಗೋ ಒಯ್ಯುತ್ತದೆ, ಮೀನು ಮತ್ತೆಲ್ಲೋ ಇರುತ್ತದೆ. ನಾನೂರು ಲೀಟರಿನ ಗಾಜಿನ ಪೆಟ್ಟಿಗೆಯಲ್ಲಿ ಮೀನಿಗೆ ಹೋಗಲು ಬೇರೆ ಜಾಗವೇ ಇಲ್ಲ. ರಾತ್ರಿ ಅದೇ ಕಲ್ಲಿನ ಸಂದಿಯಲ್ಲಿ ಮಲಗುತ್ತದೆ, ಕೋಶಗಳು ಬಿದ್ದಿರುವುದೂ ಅದೇ ಸಂದಿಯ ಕೆಳಗೆ. ಐವತ್ತು ಚುಕ್ಕೆ ಕಳಚಿ ಬಿದ್ದರೆ ಗರಿಷ್ಠ ಲೆಕ್ಕದಲ್ಲಿ 10,000 ಮರಿಗಳಾದವು. ಎರಡನೆಯ ಸುತ್ತಿನ ದಾಳಿ ಮೊದಲನೆಯದಕ್ಕಿಂತ ಭೀಕರವಾಗುವುದು ಹೀಗೆ.

ಚೆನ್ನೈನಲ್ಲಿ ಮೀನನ್ನು ಗಾಜಿನ ಹಿಂದೆ ಇಟ್ಟು ನೋಡುವ ಚಟ ಹಳೆಯದು. ಮರೀನಾ ತೀರದಲ್ಲಿ 1909ರಲ್ಲೇ ಮತ್ಸ್ಯಾಲಯ ತೆರೆದಿತ್ತು, ದೇಶದ ಮೊದಲನೆಯದು. ಅದರ ಹಿಂದಿದ್ದವರು ಮದ್ರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಬರೆದ ಅದೇ ಥರ್ಸ್ಟನ್; ಆ ಸಂಪುಟಗಳು ಹೊರಬಂದದ್ದೂ ಅದೇ ವರ್ಷ. 1919ರಲ್ಲಿ ಮತ್ಸ್ಯಾಲಯ ಮೀನುಗಾರಿಕೆ ಇಲಾಖೆಯ ಕೈಸೇರಿ, ಎರಡನೆಯ ಮಹಾಯುದ್ಧದ ಕಾಲಕ್ಕೆ ಬಾಗಿಲು ಹಾಕಿತು. ಅಷ್ಟು ವರ್ಷ ಅಲ್ಲಿ ಮೀನಿನ ಮೈಮೇಲೆ ಬಿಳಿ ಚುಕ್ಕೆ ಎದ್ದಿದ್ದರೂ ಅದನ್ನು ಈಗಿನ ಹೆಸರಿನಿಂದ ಕರೆಯುವ ಹಾಗಿರಲಿಲ್ಲ. ಜಪಾನಿನಲ್ಲಿ ಸಿಕಾಮ ಎಂಬವರು ಈ ಜೀವಿಯನ್ನು ವರ್ಣಿಸಿದ್ದು 1937ರಲ್ಲಿ, ಬ್ರೌನ್ ಎಂಬ ವಿಜ್ಞಾನಿ ಈಗಿನ ಹೆಸರಿಟ್ಟದ್ದು 1951ರಲ್ಲಿ.

ರೋಗಕ್ಕೆ ಮದ್ದಿದೆ. ತಾಮ್ರ ಹಳೆಯ ಮದ್ದು. ನೀರಿನಲ್ಲಿ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಕರಗಿದ ತಾಮ್ರ ಇದ್ದರೆ ಈಜಾಡುವ ಮರಿಗಳು ಸಾಯುತ್ತವೆ. ಚರ್ಮದಡಿ ಕೂತದ್ದಕ್ಕೂ ಕೋಶದೊಳಗೆ ಮಲಗಿದ್ದಕ್ಕೂ ಅದು ತಾಕುವುದಿಲ್ಲ. ಹಾಗಾಗಿ ಕನಿಷ್ಠ ಮೂರು ವಾರ ಆ ಮಟ್ಟವನ್ನು ಹಿಡಿದಿಡಬೇಕು. ಕಡಿಮೆಯಾದರೆ ಕೆಲಸ ಮಾಡದು, ಹೆಚ್ಚಾದರೆ ಮೀನೇ ಸಾಯುತ್ತದೆ.

ಸಂಕಟವೆಂದರೆ ಇದೇ ತಾಮ್ರ ಹವಳ, ಸಿಗಡಿ, ಬಸವನಹುಳುಗಳಿಗೆ ವಿಷ. ಸುಣ್ಣದ ಅಂಶವಿರುವ ಕಲ್ಲು ಮತ್ತು ಮರಳು ತಾಮ್ರವನ್ನು ಹೀರಿಕೊಂಡು ಮುಂದೆ ಬಿಟ್ಟುಕೊಡುತ್ತಲೂ ಇರುತ್ತವೆ. ಭಾರತದ ಕಡಲಿನ ಬಂಡೆಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಕಿತ್ತು ತರುವುದು ಅಪರಾಧ. ಹೇಗೋ ವರ್ಷಗಟ್ಟಲೆ ಸಾಕಿ ಬೆಳೆಸಿದ ಹವಳವನ್ನು ಮೀನಿನ ಮದ್ದಿಗೆ ಬಲಿಕೊಡಲು ಯಾರ ಮನಸ್ಸೂ ಒಪ್ಪುವುದಿಲ್ಲ. 'ಹವಳಕ್ಕೆ ಹಾನಿಯಿಲ್ಲ' ಎಂದು ಬರೆದ ಬಾಟಲಿಗಳು ಮಾರಾಟವಾಗುವುದು ಈ ಸಂದಿಗ್ಧದ ಮೇಲೆ. ಅವುಗಳಲ್ಲಿ ಬಹಳಷ್ಟು ಹವಳಕ್ಕೆ ಮಾತ್ರವಲ್ಲ, ಪರಾವಲಂಬಿಗೂ ಹಾನಿ ಮಾಡುವುದಿಲ್ಲ.

ಆದ್ದರಿಂದ ಮೀನನ್ನೇ ಹೊರಗೆ ತೆಗೆಯಬೇಕು. ಬರಿಗಾಜಿನ ತೊಟ್ಟಿ, ಅಡಗಲು ನಾಲ್ಕು ಪಿವಿಸಿ ಪೈಪ್ ತುಂಡು, ಗಾಳಿ ಬಿಡುವ ಕಲ್ಲು, ಇಷ್ಟಿದ್ದರೆ ಆಸ್ಪತ್ರೆ ಸಿದ್ಧ. ಮದ್ದೇ ಇಲ್ಲದ ಉಪಾಯವೂ ಒಂದುಂಟು: ಮೂರು ದಿನಕ್ಕೊಮ್ಮೆ ಮೀನನ್ನು ಶುಚಿ ಮಾಡಿ ಒಣಗಿಸಿ ಹೊಸ ನೀರು ತುಂಬಿದ ತೊಟ್ಟಿಗೆ ಎತ್ತಿ ಹಾಕುವುದು, ನಾಲ್ಕು ಸಲ. ಉದುರಿದ ಕೋಶಗಳು ಒಡೆಯಲು ಸಾಮಾನ್ಯವಾಗಿ ಮೂರು ದಿನವಾದರೂ ಬೇಕು. ಅಷ್ಟರೊಳಗೆ ಮೀನು ಅಲ್ಲಿಂದ ಜಾಗ ಖಾಲಿ ಮಾಡಿರುತ್ತದೆ. ಲವಣಾಂಶ ಇಳಿಸುವುದೂ ಒಂದು ದಾರಿ. ಲೀಟರಿಗೆ 35 ಗ್ರಾಂ ಉಪ್ಪಿನ ನೀರನ್ನು 15ರ ಸುಮಾರಿಗೆ ತಂದರೆ ಅನೇಕ ಮೀನುಗಳು ತಾಳಿಕೊಳ್ಳುತ್ತವೆ, ಪರಾವಲಂಬಿಗೆ ಕಷ್ಟ. ಆದರೆ ಕಡಿಮೆ ಉಪ್ಪಿಗೂ ಬಗ್ಗದ ತಳಿಗಳು ತೈವಾನಿನಲ್ಲಿ ಕಂಡಿವೆ.

ಇಕ್ ಹವ್ಯಾಸಿಗಳ ತಲೆನೋವು ಮಾತ್ರ ಎಂದುಕೊಳ್ಳಬಾರದು. ಚೆನ್ನೈನಲ್ಲೇ ಇರುವ ಕೇಂದ್ರೀಯ ಚೌಳುನೀರು ಜಲಕೃಷಿ ಸಂಸ್ಥೆ 1997ರಲ್ಲಿ ಮುಟ್ಟುಕಾಡಿನಲ್ಲಿ ದೇಶದಲ್ಲೇ ಮೊದಲ ಬಾರಿಗೆ ಸೀಬಾಸ್ ಮರಿ ಮಾಡಿಸಿತು. ತಮಿಳರ ಅಚ್ಚುಮೆಚ್ಚಿನ ಆ 'ಕೊಡುವಾ' ಮೀನಿಗೂ ಸಾಕಣೆ ತೊಟ್ಟಿಗಳಲ್ಲಿ ಇದೇ ಇಕ್, ವೆಲ್ವೆಟ್ ಎಂಬ ಇನ್ನೊಂದು ರೋಗ, ಎರಡೂ ಹತ್ತುತ್ತವೆ.

ವೆಲ್ವೆಟ್ ಇನ್ನೂ ಕ್ರೂರಿ. ಅಮೈಲೂಡಿನಿಯಮ್ ಎಂಬ ಈ ಜೀವಿ ಮೊದಲು ಕಿವಿರನ್ನೇ ಹಿಡಿಯುತ್ತದೆ. ಒಂದು ಕೋಶದಿಂದ 256 ಮರಿಗಳಾಗಬಹುದು. ಚಿನ್ನದ ಧೂಳಿನಂಥ ಪದರ ಕಣ್ಣಿಗೆ ಬೀಳುವ ಮುಂಚೆಯೇ ಮೀನು ಪಂಪಿನ ರಭಸಕ್ಕೆ ಮುಖವೊಡ್ಡಿ ಏದುಸಿರು ಬಿಡುತ್ತಾ ನಿಂತಿರುತ್ತದೆ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ. ಚೆನ್ನೈನ ಮೇ ತಿಂಗಳಲ್ಲಿ ಕರೆಂಟ್ ಹೋಗಿ ಚಿಲ್ಲರ್ ನಿಂತಿತೆಂದರೆ ಕಿವಿರು ಹಾಳಾದ ಮೀನಿಗೆ ಉಸಿರು ಸಾಲುವುದಿಲ್ಲ. ಇದಕ್ಕೂ ತಾಮ್ರ ಆಗುತ್ತದೆ. ಮಲೇರಿಯಾ ಮಾತ್ರೆಯ ಕ್ಲೋರೋಕ್ವಿನ್ ಕೂಡ ಆಗುತ್ತದೆ.

ಕ್ಲೌನ್ ಮೀನಿನ ಮೈಯಿಂದ ಲೋಳೆ ಪೊರೆಪೊರೆಯಾಗಿ ಸುಲಿಯುತ್ತಿದ್ದರೆ ಅದು ಬ್ರೂಕ್ಲಿನೆಲ್ಲಾ ಎಂಬ ಮತ್ತೊಂದು ಪರಾವಲಂಬಿಯ ಕೆಲಸ. ತಾಮ್ರಕ್ಕೆ ಜಗ್ಗದ ಇದಕ್ಕೆ ಫಾರ್ಮಲಿನ್ ಸ್ನಾನವೇ ಬೇಕು. ಇನ್ನು ಮೀನಿನ ಮೈಗೆ ಅಂಟುವ ಚಪ್ಪಟೆ ಹುಳುಗಳದು ಬೇರೆಯೇ ಕಥೆ. ಉಪ್ಪುನೀರಿನಲ್ಲಿ ಅವು ಪಾರದರ್ಶಕ, ಮೈಮೇಲೆ ಹತ್ತಾರಿದ್ದರೂ ಕಾಣವು. ಮೀನನ್ನು ಅದೇ ಉಷ್ಣತೆಯ ಸಿಹಿನೀರಿನಲ್ಲಿ ಐದು ನಿಮಿಷ ಅದ್ದಿದರೆ ಒಂದೊಂದೇ ಹುಳು ಬೆಳ್ಳಗಾಗಿ, ಎಳ್ಳಿನ ಗಾತ್ರದಲ್ಲಿ ಬಕೆಟ್ಟಿನ ತಳಕ್ಕೆ ಉದುರುತ್ತದೆ.

ಮೀನು ಆಸ್ಪತ್ರೆಯ ತೊಟ್ಟಿಯಲ್ಲಿರುವಾಗ ಹವಳದ ತೊಟ್ಟಿ ಮೀನಿಲ್ಲದೆ ಕಾಯುತ್ತಿರುತ್ತದೆ. ಇಕ್‌ನ ಕೋಶವೊಂದು ಒಡೆಯಲು ತೆಗೆದುಕೊಂಡ ಅತಿ ದೀರ್ಘ ಅವಧಿ 72 ದಿನವೆಂದು ದಾಖಲಾಗಿದೆ, ಅದಕ್ಕೆ ನಾಲ್ಕು ದಿನ ಸೇರಿಸಿ 76 ದಿನ ಖಾಲಿ ಬಿಡುವುದು ಹವ್ಯಾಸಿಗಳ ರೂಢಿ. ಹವಳ, ಸಿಗಡಿಗಳ ಮೈಯಲ್ಲಿ ಇಕ್ ಬದುಕಲಾರದು. ಹವಳಕ್ಕಾಗಿ ಉಪ್ಪುನೀರು ಮಾಡುವ ಕೆಲಸ ಮಾತ್ರ ನಿಲ್ಲುವಂತಿಲ್ಲ. ಚೆನ್ನೈ ಬಳಿಯ ನೆಮ್ಮೇಲಿಯಲ್ಲಿ ಸರ್ಕಾರ ಕಡಲಿನ ನೀರಿನಿಂದ ಉಪ್ಪು ತೆಗೆದು ದಿನಕ್ಕೆ ಕೋಟಿಗಟ್ಟಲೆ ಲೀಟರ್ ಕುಡಿಯುವ ನೀರು ಮಾಡುತ್ತಿದ್ದರೆ, ಚೆನ್ನೈನ ಹವ್ಯಾಸಿ ಆರ್‌ಒ ನೀರಿಗೆ ಪ್ಯಾಕೆಟ್ ಉಪ್ಪು ಬೆರೆಸಿ ಮತ್ತೆ ಕಡಲು ಮಾಡುತ್ತಾನೆ!

ಅಷ್ಟು ಕಾದ ಮೇಲೂ ತೊಟ್ಟಿಗೆ ಇಕ್ ಮರಳುವ ಒಂದು ಬಾಗಿಲು ಉಳಿದಿರುತ್ತದೆ. ಅನೇಕ ಕಡೆ ಮಾರಾಟಗಾರರ ತೊಟ್ಟಿಗಳ ನೀರು ಒಂದೇ ಸಂಪ್‌ನಲ್ಲಿ ಸುತ್ತುತ್ತದೆ, ಅದರಲ್ಲಿ ರೋಗವನ್ನು ಅಡಗಿಸುವಷ್ಟು, ಕೊಲ್ಲದಷ್ಟು ತಾಮ್ರವಿರುತ್ತದೆ. ಅಂಗಡಿಯಲ್ಲಿ ಲಕಲಕಿಸಿದ ಮೀನು ಮನೆಗೆ ಬಂದು ವಾರಕ್ಕೆ ಚುಕ್ಕೆ ಎಬ್ಬಿಸುವುದು ಅದಕ್ಕೇ. ಹೊಸ ಮೀನಿಗೆ ಪ್ರತ್ಯೇಕ ತೊಟ್ಟಿಯಲ್ಲಿ ಒಂದು ತಿಂಗಳ ಕ್ವಾರಂಟೈನ್ ಎಂದು ತಿಳಿದವರು ಹೇಳುತ್ತಾರೆ. ಮೀನಿರುವ ತೊಟ್ಟಿಯಿಂದ ತಂದ ಬಸವನಹುಳುವಿನ ಚಿಪ್ಪಿಗೂ ಕೋಶ ಅಂಟಿರಬಹುದು. ಅದಕ್ಕೆ ಮದ್ದು ಹಾಕುವ ಹಾಗಿಲ್ಲ, ಮೀನಿಲ್ಲದ ನೀರಿನಲ್ಲಿ ಅದೂ 76 ದಿನ ಕೂರಬೇಕು.