ಕಾರಿನ ಸ್ಪರ್ಶಪರದೆ ಸ್ಟೀರಿಯೊ

ಕಾರಿನ ಸ್ಪರ್ಶಪರದೆ ಸ್ಟೀರಿಯೊ ಎಂಬುದು ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ರೇಡಿಯೊ ಇರುವ ಸ್ಥಳದಲ್ಲಿ ಅಳವಡಿಸುವ, ಬೆರಳಿನಿಂದ ಮುಟ್ಟಿ ನಿರ್ವಹಿಸುವ ಪರದೆಯುಳ್ಳ ಧ್ವನಿಸಾಧನವಾಗಿದೆ. ಆಡುಮಾತಿನಲ್ಲಿ ಇದನ್ನು ಟಚ್‌ಸ್ಕ್ರೀನ್, ಆಂಡ್ರಾಯ್ಡ್ ಸ್ಟೀರಿಯೊ ಎಂದು ಕರೆಯುತ್ತಾರೆ. ರೇಡಿಯೊ, ಹಾಡು, ದೂರವಾಣಿ ಕರೆ, ಮಾರ್ಗದರ್ಶಕ ನಕ್ಷೆ ಮತ್ತು ಹಿಂಬದಿ ಕ್ಯಾಮೆರಾದ ದೃಶ್ಯ ಇವೆಲ್ಲವೂ ಒಂದೇ ಪರದೆಯಲ್ಲಿ ದೊರೆಯುತ್ತವೆ. ಮಾರುತಿ 800, ಆಲ್ಟೊ, ಝೆನ್, ಸ್ಯಾಂಟ್ರೊ ಮುಂತಾದ ಹಳೆಯ ಸಣ್ಣ ಕಾರುಗಳಲ್ಲಿ ಮೂಲ ರೇಡಿಯೊವನ್ನು ತೆಗೆದು ಇಂತಹ ಸಾಧನವನ್ನು ಕೂರಿಸುವ ವಾಡಿಕೆ ಕರ್ನಾಟಕದ ಪಟ್ಟಣಗಳಲ್ಲಿ ವ್ಯಾಪಕವಾಗಿದೆ. ಈ ಲೇಖನವು ಮುಖ್ಯವಾಗಿ ಆ ಬದಲಾವಣೆಯನ್ನು ಕುರಿತದ್ದು. ಕೊಳ್ಳುವವರ ಗಮನ ಸಾಮಾನ್ಯವಾಗಿ ಪರದೆಯ ಮೇಲಿರುತ್ತದೆ. ಆದರೆ ಕೆಲಸ ಕೆಡುವುದು ಪರದೆಯ ಹಿಂದಿರುವ ತಂತಿಗಳಲ್ಲಿ ಮತ್ತು ಮೊದಲೇ ವಿಚಾರಿಸದೆ ಬಿಟ್ಟ ರೇಡಿಯೊ ಗ್ರಹಣದಲ್ಲಿ.

ಹಿನ್ನೆಲೆ

ಅಮೆರಿಕದ ಗಾಲ್ವಿನ್ ಸಂಸ್ಥೆಯು 1930ರಲ್ಲಿ ಮೊಟೊರೊಲಾ ಹೆಸರಿನ ಕಾರ್ ರೇಡಿಯೊವನ್ನು ಮಾರುಕಟ್ಟೆಗೆ ತಂದಿತು. 1932ರಲ್ಲಿ ಜರ್ಮನಿಯ ಬ್ಲೌಪುಂಕ್ಟ್ ಯೂರೋಪಿನಲ್ಲಿ ಅದೇ ಕೆಲಸ ಮಾಡಿತು. 1960ರ ದಶಕದ ಕೊನೆಯಲ್ಲಿ ಕ್ಯಾಸೆಟ್, 1980ರ ದಶಕದಲ್ಲಿ ಸಿ.ಡಿ. ಕಾರಿನೊಳಗೆ ಬಂದವು. 1986ರ ಬ್ಯೂಕ್ ರಿವಿಯೆರಾ ಕಾರಿನಲ್ಲಿಯೇ ಸ್ಪರ್ಶಪರದೆ ಇತ್ತಾದರೂ ಅದು ಆಗ ಜನಪ್ರಿಯವಾಗಲಿಲ್ಲ. ಮೊಬೈಲ್ ಫೋನನ್ನು ಕಾರಿನ ಪರದೆಗೆ ಜೋಡಿಸುವ ಆಪಲ್ ಕಾರ್‌ಪ್ಲೇ 2014ರಲ್ಲಿ, ಆಂಡ್ರಾಯ್ಡ್ ಆಟೊ 2015ರಲ್ಲಿ ಬಳಕೆಗೆ ಬಂದ ಮೇಲೆ ಬೇಡಿಕೆ ಹೆಚ್ಚಿತು.

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಈ ಕಾರನ್ನು ಕೊಂಡವರಲ್ಲಿ ಅನೇಕರು ಕ್ಯಾಸೆಟ್ ಡೆಕ್ಕನ್ನು ಹೊರಗಿನ ಅಂಗಡಿಯಲ್ಲಿ ಹಾಕಿಸಿಕೊಂಡವರು. ಆದ್ದರಿಂದ ಇಂದು ಅಂತಹ ಕಾರಿನ ಡ್ಯಾಶ್‌ಬೋರ್ಡ್ ಬಿಚ್ಚಿದರೆ ಕಾರ್ಖಾನೆಯ ತಂತಿಗಳ ಜೊತೆಗೆ ಎರಡು ಮೂರು ತಲೆಮಾರಿನ ಮೆಕ್ಯಾನಿಕ್‌ಗಳು ಹಾಕಿದ ಗಂಟುಗಳೂ ಕಾಣಸಿಗುತ್ತವೆ.

ಕಿಂಡಿಯ ಅಳತೆ

ರೇಡಿಯೊ ಕೂರುವ ಕಿಂಡಿಗೆ ಜರ್ಮನಿಯ ಮಾನಕ ಸಂಸ್ಥೆಯ ಹೆಸರಿನಿಂದ ಬಂದ 'ಡಿನ್' ಎಂಬ ಅಳತೆ ಇದೆ. ಇದೇ ಮುಂದೆ ಐ.ಎಸ್.ಒ. 7736 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಒಂದು ಡಿನ್ ಎಂದರೆ ಸುಮಾರು 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಎರಡು ಡಿನ್ ಎಂದರೆ ಅದೇ ಅಗಲ, 100 ಮಿ.ಮೀ. ಎತ್ತರ. ಏಳು ಅಂಗುಲದ ಪರದೆಗೆ ಎರಡು ಡಿನ್ ಕಿಂಡಿ ಬೇಕು. ಒಂಬತ್ತು ಅಥವಾ ಹತ್ತು ಅಂಗುಲದ ಪರದೆಗೆ ಆಯಾ ಕಾರಿನ ಮಾದರಿಗೆಂದೇ ಮಾಡಿದ ಪ್ಲಾಸ್ಟಿಕ್ ಫ್ರೇಮ್ ಬೇಕು.

ಹಳೆಯ ಸಣ್ಣ ಕಾರುಗಳಲ್ಲಿ ಹಲವಕ್ಕೆ ಒಂದೇ ಡಿನ್ ಕಿಂಡಿ ಇದೆ. ಕೆಲವು ಮಾದರಿಗಳಲ್ಲಿ ರೇಡಿಯೊದ ಕೆಳಗಿನ ಚಿಲ್ಲರೆ ಇಡುವ ಗೂಡನ್ನು ತೆಗೆದರೆ ಎರಡು ಡಿನ್ ಜಾಗ ದೊರೆಯುತ್ತದೆ. ಅದೂ ಇಲ್ಲದಿದ್ದರೆ ಪೆಟ್ಟಿಗೆಯು ಒಂದು ಡಿನ್ ಆಗಿದ್ದು ಪರದೆ ಮಾತ್ರ ಹೊರಕ್ಕೆ ಚಾಚಿಕೊಳ್ಳುವ ಮಾದರಿಗಳಿವೆ. ಇಂತಹ ಪರದೆಯು ಗಾಳಿ ಬರುವ ಕಿಂಡಿಯನ್ನೋ ಎ.ಸಿ. ಗುಂಡಿಗಳನ್ನೋ ಮರೆಮಾಡುವುದುಂಟು. ಡ್ಯಾಶ್‌ಬೋರ್ಡನ್ನು ಗರಗಸದಿಂದ ಕೊಯ್ದು ಜಾಗ ಮಾಡುವವರೂ ಇದ್ದಾರೆ. ಒಮ್ಮೆ ಕೊಯ್ದ ಪ್ಲಾಸ್ಟಿಕ್ ಮರಳಿ ಕೂಡುವುದಿಲ್ಲವಾದ್ದರಿಂದ ಕಾರನ್ನು ಮುಂದೆ ಮಾರುವ ಯೋಚನೆ ಇದ್ದವರು ಇದಕ್ಕೆ ಒಪ್ಪದಿರುವುದು ಲೇಸು.

ತಂತಿಗಳ ಜೋಡಣೆ

ಹೊರಗಿನಿಂದ ಕೊಳ್ಳುವ ಸ್ಟೀರಿಯೊಗಳಲ್ಲಿ ತಂತಿಯ ಬಣ್ಣಗಳಿಗೆ ಒಂದು ರೂಢಿ ಇದೆ. ಹಳದಿ ತಂತಿಯು ಬ್ಯಾಟರಿಯಿಂದ ಸದಾ 12 ವೋಲ್ಟ್ ಪಡೆಯುತ್ತದೆ. ಕೆಂಪು ತಂತಿಗೆ ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುತ್ತದೆ. ಕಪ್ಪು ತಂತಿ ಕಾರಿನ ಲೋಹದ ದೇಹಕ್ಕೆ, ಅಂದರೆ ಅರ್ಥ್‌ಗೆ ಸೇರುತ್ತದೆ. ಬಿಳಿ, ಬೂದು, ಹಸಿರು, ನೇರಳೆ ಜೋಡಿಗಳು ನಾಲ್ಕು ಸ್ಪೀಕರ್‌ಗಳಿಗೆ ಹೋಗುತ್ತವೆ. ಪ್ರತಿ ಜೋಡಿಯಲ್ಲಿ ಕಪ್ಪು ಗೆರೆಯುಳ್ಳದ್ದು ಋಣ ತಂತಿ. ಈ ಬಣ್ಣಗಳು ಸ್ಟೀರಿಯೊಗೆ ಸಂಬಂಧಿಸಿದವು. ಕಾರಿನ ಕಡೆಯ ತಂತಿಗಳ ಬಣ್ಣ ಬೇರೆಯೇ ಇರಬಹುದು. ಹಾಗಾಗಿ ಬಣ್ಣವನ್ನು ನಂಬದೆ ಮೀಟರ್ ಹಿಡಿದು ನೋಡುವುದು ಸರಿಯಾದ ಕ್ರಮ.

ಹಳದಿ ಮತ್ತು ಕೆಂಪು ಅದಲುಬದಲಾದರೆ ಕೀಲಿ ತೆಗೆದಾಗಲೆಲ್ಲ ಗಡಿಯಾರವೂ ಉಳಿಸಿಟ್ಟ ಕೇಂದ್ರಗಳೂ ಅಳಿಸಿಹೋಗುತ್ತವೆ. ಎರಡನ್ನೂ ಸೇರಿಸಿ ಬ್ಯಾಟರಿಗೆ ಕೊಟ್ಟರೆ ಕಾರು ನಿಂತಾಗಲೂ ಸಾಧನ ಎಚ್ಚರವಾಗಿರುತ್ತದೆ. ಸರಿಯಾಗಿ ಜೋಡಿಸಿದರೂ ಕೆಲವು ಸಾಧನಗಳು ನಿದ್ರಾಸ್ಥಿತಿಯಲ್ಲಿ ಅಲ್ಪ ವಿದ್ಯುತ್ ಎಳೆಯುತ್ತವೆ. ಅದು 50 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ ದಿನಕ್ಕೆ 1.2 ಆಂಪಿಯರ್-ಗಂಟೆ ಖರ್ಚಾಗುತ್ತದೆ. 35 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿಯು ಎರಡು ವಾರಗಳಲ್ಲಿ ಅರ್ಧದಷ್ಟು ಬರಿದಾಗುತ್ತದೆ. ಹಬ್ಬಕ್ಕೋ ಜಾತ್ರೆಗೋ ಮಾತ್ರ ಹೊರತೆಗೆಯುವ ಊರಿನ ಕಾರುಗಳಲ್ಲಿ ಈ ತೊಂದರೆ ಹೆಚ್ಚು.

ಹಳೆಯ ಕಾರುಗಳಲ್ಲಿ ಇನ್ನೊಂದು ಅಪಾಯವಿದೆ. ಹಿಂದಿನ ಕೆಲವು ಡೆಕ್‌ಗಳಲ್ಲಿ ಸ್ಪೀಕರಿನ ಋಣ ತಂತಿಯನ್ನು ನೇರವಾಗಿ ಅರ್ಥ್‌ಗೆ ಸೇರಿಸುತ್ತಿದ್ದರು. ಈಗಿನ ಸ್ಟೀರಿಯೊಗಳಲ್ಲಿ ಸ್ಪೀಕರಿನ ಎರಡೂ ತಂತಿಗಳಲ್ಲಿ ಬ್ಯಾಟರಿಯ ಸುಮಾರು ಅರ್ಧದಷ್ಟು ವೋಲ್ಟೇಜ್ ಇರುತ್ತದೆ. ಅಂತಹ ತಂತಿಯನ್ನು ಹಳೆಯ ರೀತಿಯಲ್ಲಿ ಅರ್ಥ್‌ಗೆ ಕೊಟ್ಟರೆ ಒಳಗಿನ ಧ್ವನಿವರ್ಧಕ ಚಿಪ್ ಸುಟ್ಟುಹೋಗಬಹುದು. ಹಳೆಯ ಜೋಡಣೆ ಸಂಶಯಾಸ್ಪದವೆನಿಸಿದರೆ ಸ್ಪೀಕರ್‌ಗಳಿಗೆ ಹೊಸ ತಂತಿ ಎಳೆಸುವುದೇ ಮೇಲು.

ಕಾರಿನ ಕಪ್ಲರಿಗೆ ಹೊಂದುವ ಅಡಾಪ್ಟರ್ ದೊರೆತರೆ ಮೂಲ ತಂತಿಗಳನ್ನು ಕತ್ತರಿಸಬೇಕಾಗುವುದಿಲ್ಲ. ಕತ್ತರಿಸಲೇಬೇಕಾದಲ್ಲಿ ಬೆಸುಗೆ ಹಾಕಿ, ಶಾಖಕ್ಕೆ ಕುಗ್ಗುವ ಸ್ಲೀವ್ ಹೊದಿಸಬೇಕು. ಬರೀ ತಿರುಚಿ ಸುತ್ತಿದ ಟೇಪಿನ ಅಂಟು ಬಳ್ಳಾರಿ ಸೀಮೆಯ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಕರಗಿ ಬಿಚ್ಚಿಕೊಳ್ಳುತ್ತದೆ. ಬೆತ್ತಲಾದ ಹಳದಿ ತಂತಿ ಲೋಹಕ್ಕೆ ತಗುಲಿದಾಗ ಕಾರನ್ನು ಬೆಂಕಿಯಿಂದ ಉಳಿಸುವುದು ಫ್ಯೂಸ್ ಒಂದೇ. ಫ್ಯೂಸ್ ಪದೇ ಪದೇ ಹೋಗುತ್ತಿದೆಯೆಂದು ದೊಡ್ಡದನ್ನು ಹಾಕುವುದಾಗಲಿ, ತಂತಿಯ ಎಳೆ ಸುತ್ತುವುದಾಗಲಿ ಸಲ್ಲದು.

ಪೆಟ್ಟಿಗೆಯ ಮೇಲೆ ಅಚ್ಚಾಗಿರುವ '50 ವ್ಯಾಟ್ × 4' ಎಂಬ ಅಂಕಿಯನ್ನು ವಿದ್ಯಾರ್ಥಿಗಳು ಓಮನ ನಿಯಮದಿಂದಲೇ ಪರೀಕ್ಷಿಸಬಹುದು. ಓಡುವ ಕಾರಿನಲ್ಲಿ ದೊರೆಯುವ 14.4 ವೋಲ್ಟನ್ನು ವರ್ಗ ಮಾಡಿ, ಸ್ಪೀಕರಿನ 4 ಓಮ್‌ನ ಎರಡರಷ್ಟರಿಂದ ಭಾಗಿಸಿದರೆ ಸುಮಾರು 26 ವ್ಯಾಟ್ ಬರುತ್ತದೆ. ಧ್ವನಿ ಒಡೆಯದಂತೆ ದೊರೆಯುವ ಶಕ್ತಿ ಇದಕ್ಕಿಂತಲೂ ಕಡಿಮೆ.

ರೇಡಿಯೊ ಗ್ರಹಣ

ಕಂಪ್ಲಿ ತಾಲ್ಲೂಕಿನ ಮೆಟ್ರಿಯಂತಹ ಊರುಗಳಲ್ಲಿ, ಹೊಸಪೇಟೆ, ಹಂಪಿ, ಸಂಡೂರಿನ ದಾರಿಗಳಲ್ಲಿ ಕೇಳಸಿಗುವ ಆಕಾಶವಾಣಿಯ ಪ್ರಸಾರ ಎರಡು ಬಗೆಯದು. ಹೊಸಪೇಟೆ ಕೇಂದ್ರದ್ದು 100.5 ಮೆಗಾಹರ್ಟ್ಸ್‌ನ ಎಫ್.ಎಂ. ಪ್ರಸಾರ. ಧಾರವಾಡದ್ದು 765 ಕಿಲೋಹರ್ಟ್ಸ್, ಬೆಂಗಳೂರಿನದು 612 ಕಿಲೋಹರ್ಟ್ಸ್. ಇವು ಮಧ್ಯಮ ತರಂಗದವು. ಎಫ್.ಎಂ. ಅಲೆಗಳು ಹೆಚ್ಚುಕಡಿಮೆ ನೇರ ರೇಖೆಯಲ್ಲಿ ಸಾಗುವುದರಿಂದ ಸಂಡೂರಿನ ಬೆಟ್ಟಗಳ ಮರೆಯಲ್ಲಿ, ಹಂಪಿಯ ಬಂಡೆಗುಡ್ಡಗಳ ನಡುವೆ ಕ್ಷೀಣಿಸುತ್ತವೆ. ಮಧ್ಯಮ ತರಂಗವು ನೆಲವನ್ನು ಅನುಸರಿಸಿ ದೂರ ಸಾಗುತ್ತದೆ.

ಹಳೆಯ ರೇಡಿಯೊದಲ್ಲಿ ಈ ಎರಡೂ ಇದ್ದವು. ಅಗ್ಗದ ಸ್ಪರ್ಶಪರದೆ ಸ್ಟೀರಿಯೊಗಳಲ್ಲಿ ಅನೇಕವು ಎಫ್.ಎಂ. ಮಾತ್ರ ಗ್ರಹಿಸುತ್ತವೆ. ಬೆಳಗಿನ ಪ್ರದೇಶ ಸಮಾಚಾರವನ್ನೋ ಧಾರವಾಡದ ಸಂಗೀತವನ್ನೋ ಕಾರಿನಲ್ಲಿ ಕೇಳುತ್ತಿದ್ದ ಹಿರಿಯರಿಗೆ ಇದು ಸಣ್ಣ ನಷ್ಟವಲ್ಲ, ಮತ್ತು ಇದು ತಿಳಿಯುವುದು ಹಣ ಕೊಟ್ಟು ಮನೆಗೆ ಬಂದ ಮೇಲೆಯೇ. ಮಧ್ಯಮ ತರಂಗ ಇದ್ದರೂ ಸಾಲದು. ಭಾರತದಲ್ಲಿ ಕೇಂದ್ರಗಳ ನಡುವಿನ ಅಂತರ 9 ಕಿಲೋಹರ್ಟ್ಸ್, ಅಮೆರಿಕದಲ್ಲಿ 10. ಸಾಧನವು ಅಮೆರಿಕದ ವಲಯಕ್ಕೆ ಹೊಂದಿಸಲ್ಪಟ್ಟಿದ್ದರೆ ಅಂಕಿ 760ರಿಂದ 770ಕ್ಕೆ ನೆಗೆಯುತ್ತದೆ. ಧಾರವಾಡದ 765 ನಡುವೆ ತಪ್ಪಿಹೋಗುತ್ತದೆ. ಸೆಟ್ಟಿಂಗ್‌ನಲ್ಲಿ ವಲಯವನ್ನು ಏಷ್ಯಾ ಅಥವಾ ಯೂರೋಪಿಗೆ ಬದಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇಷ್ಟಾದರೂ ಗರಗರ ಸದ್ದು ಉಳಿದರೆ ಅದು ಪರದೆಯ ವಿದ್ಯುತ್ ಮಂಡಲದಿಂದಲೂ ಹಿಂದಿನ ಗಾಜಿಗೆ ಅಂಟಿಸಿದ ಅಗ್ಗದ ಕ್ಯಾಮೆರಾ, ಚಾರ್ಜರ್‌ಗಳಿಂದಲೂ ಬರುತ್ತಿರಬಹುದು. ಒಂದೊಂದನ್ನೇ ಆರಿಸಿ ನೋಡಬೇಕು.

ಅಂಗಡಿಯಲ್ಲಿ ಹಣ ಕೊಡುವ ಮುನ್ನ ಸಾಧನವನ್ನು ಬ್ಯಾಟರಿಗೆ ಜೋಡಿಸಿ, ಕಾರಿನ ಆಂಟೆನಾ ಚುಚ್ಚಿ, ಬೇಕಾದ ಕೇಂದ್ರ ಬರುತ್ತದೆಯೇ ಎಂದು ಕೇಳಿ ನೋಡಲು ಐದು ನಿಮಿಷ ಸಾಕು.

ಬಳಕೆ ಮತ್ತು ಸುರಕ್ಷತೆ

ಗುಂಡಿ ತಿರುಗಿಸುವ ರೇಡಿಯೊವನ್ನು ಕಣ್ಣು ರಸ್ತೆಯ ಮೇಲಿಟ್ಟೇ ಬಳಸಬಹುದಿತ್ತು. ಪರದೆಯನ್ನು ನೋಡದೆ ಮುಟ್ಟಲಾಗದು. ಗಂಟೆಗೆ 60 ಕಿ.ಮೀ. ವೇಗದ ಕಾರು ಎರಡು ಸೆಕೆಂಡಿನಲ್ಲಿ 33 ಮೀಟರ್ ಸಾಗುತ್ತದೆ. ಕಬ್ಬಿನ ಗಾಡಿ, ಅದಿರಿನ ಲಾರಿಗಳು ಓಡಾಡುವ ಈ ಭಾಗದ ರಸ್ತೆಗಳಲ್ಲಿ ಅದು ಕಡಿಮೆ ದೂರವಲ್ಲ. ಧ್ವನಿಯನ್ನು ಏರಿಳಿಸಲು ನಿಜವಾದ ತಿರುಗುಗುಂಡಿ ಇರುವ ಮಾದರಿಗಳು ಆದ್ದರಿಂದ ಉತ್ತಮ. ಕಾರು ಓಡುವಾಗ ವೀಡಿಯೊ ಕಾಣದಂತೆ ತಡೆಯುವ ಹ್ಯಾಂಡ್‌ಬ್ರೇಕ್ ತಂತಿಯನ್ನು ಹಲವು ಅಂಗಡಿಗಳಲ್ಲಿ ಗಿರಾಕಿಯ ಸಂತೋಷಕ್ಕಾಗಿ ಅರ್ಥ್‌ಗೆ ಸೇರಿಸಿಬಿಡುತ್ತಾರೆ. ಹಾಗೆ ಮಾಡದಂತೆ ಮೊದಲೇ ಹೇಳಬೇಕು. ಹಿಂಬದಿ ಕ್ಯಾಮೆರಾ ಮಾತ್ರ ಹಳೆಯ ಕಾರಿಗೆ ಈ ಸಾಧನ ತರುವ ನಿಜವಾದ ಲಾಭ.

ಕನ್ನಡದಲ್ಲಿ ಹೆಸರಿಟ್ಟ ಹಾಡಿನ ಕಡತಗಳು ಕೆಲವು ಸಾಧನಗಳಲ್ಲಿ ಖಾಲಿ ಚೌಕಗಳಾಗಿ ಕಾಣುತ್ತವೆ. ಸಾಧನದಲ್ಲಿ ಕನ್ನಡ ಅಕ್ಷರಶೈಲಿ ಇಲ್ಲದಿರುವುದೇ ಇದಕ್ಕೆ ಕಾರಣ. ಪೆನ್‌ಡ್ರೈವಿನಲ್ಲಿ ಕನ್ನಡ ಹೆಸರಿನ ಒಂದು ಹಾಡನ್ನು ಕೊಂಡೊಯ್ದು ಅಂಗಡಿಯಲ್ಲೇ ಪರೀಕ್ಷಿಸಬಹುದು.

ಕಾರಿನೊಂದಿಗೆ ಕಾರ್ಖಾನೆಯಿಂದ ಬಾರದ ವಿದ್ಯುತ್ ಸಾಧನಗಳು ವಿಮೆಯ ವ್ಯಾಪ್ತಿಗೆ ತಾವಾಗಿಯೇ ಸೇರುವುದಿಲ್ಲ. ಅವುಗಳ ಬೆಲೆಯನ್ನು ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಘೋಷಿಸಿ ಹೆಚ್ಚುವರಿ ಕಂತು ಕಟ್ಟಬೇಕಾಗುತ್ತದೆ. ಅದಕ್ಕಾಗಿ ಖರೀದಿಯ ಬಿಲ್ ಪಡೆದಿಟ್ಟುಕೊಳ್ಳಬೇಕು. ತೆಗೆದ ಹಳೆಯ ರೇಡಿಯೊವನ್ನೂ ಅದರ ಫ್ರೇಮ್ ಮತ್ತು ಕಪ್ಲರ್ ಸಮೇತ ಅಂಗಡಿಯಲ್ಲಿ ಬಿಡದೆ ಮನೆಗೆ ತರುವುದು ಒಳ್ಳೆಯದು. ಕಪ್ಲರ್ ಕತ್ತರಿಸದೆ ಉಳಿದಿದ್ದರೆ ಅದನ್ನು ಮರಳಿ ಕೂರಿಸಲು ಅರ್ಧ ಗಂಟೆಗಿಂತ ಹೆಚ್ಚು ಹಿಡಿಯದು.