ಮಿಂಚಂಚೆಗೊಂದು ಜಗಲಿ

ಹಳೆಯ ಕಾಲದ ನಮ್ಮ ಮನೆಗಳಿಗೆ ಜಗಲಿ ಎಂಬುದೊಂದು ತಪ್ಪದೆ ಇರುತ್ತಿತ್ತು. ಬಳೆಗಾರ, ದಾಸಯ್ಯ, ದಾರಿಹೋಕ, ಸಾಲ ಕೇಳಲು ಬಂದವನು, ಎಲ್ಲರಿಗೂ ಅಲ್ಲಿ ಎಡೆಯುಂಟು. ನೀರು ಬೆಲ್ಲಗಳ ಉಪಚಾರವೂ ಉಂಟು. ನಡುಮನೆಗೆ ಬರುವವರು ಮಾತ್ರ ನೆಂಟರು, ಆಪ್ತರು. ಈ ಏರ್ಪಾಡಿನಲ್ಲಿ ಜಾತಿಯ ಕೇಡೂ ಬೆರೆತಿತ್ತೆಂಬುದನ್ನು ನಾನು ಮರೆತಿಲ್ಲ. ಅದರೊಳಗಿದ್ದ ವಿವೇಕವನ್ನಷ್ಟೇ ಇಲ್ಲಿ ನೆನೆಯುತ್ತಿದ್ದೇನೆ.

ನಿವೃತ್ತನಾದ ಮೇಲೆ ನಾನೂ ಮಿಂಚಂಚೆಯ, ಎಂದರೆ ಇ-ಮೇಲಿನ, ಮನೆಯೊಂದನ್ನು ಕಟ್ಟಿಕೊಂಡೆ. ಅದಕ್ಕೆ ಜಗಲಿ ಕಟ್ಟುವುದನ್ನು ಮರೆತೆ. ಪುಸ್ತಕದಂಗಡಿ, ಔಷಧದಂಗಡಿ, ಉಚಿತವಾಗಿ ಪಂಚಾಂಗ ಕಳಿಸುತ್ತೇವೆಂದ ಯಾರೋ ಒಬ್ಬರು, ಕೇಳಿದವರಿಗೆಲ್ಲ ಅದೊಂದೇ ವಿಳಾಸವನ್ನು ಕೊಟ್ಟೆ. ಕ್ರಮೇಣ ಜಾಹೀರಾತುಗಳ ಹೊಳೆಯೇ ಹರಿಯತೊಡಗಿತು. ಅದರ ನಡುವೆ ಹಳೆಯ ಶಿಷ್ಯನೊಬ್ಬನ ಪತ್ರ ಬಿದ್ದಿತ್ತು. ತಂದೆ ತೀರಿಕೊಂಡರೆಂದೂ, ಅವರನ್ನು ಕುರಿತು ನಾನು ಬಂದು ನಾಲ್ಕು ಮಾತನಾಡಬೇಕೆಂಬುದು ತಾಯಿಯ ಆಸೆಯೆಂದೂ ಬರೆದಿದ್ದ. ಅದು ನನ್ನ ಕಣ್ಣಿಗೆ ಬಿದ್ದಾಗ ವೈಕುಂಠ ಸಮಾರಾಧನೆ ಮುಗಿದು ಎಂಟು ದಿನಗಳಾಗಿದ್ದವು. ಆ ತಪ್ಪಿನಿಂದ ನಾನು ಕಲಿತುದನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಈ ಪಿಡುಗು ಹುಟ್ಟಿದುದಾದರೂ ಹೇಗೆ? ಜಾಲದ ಮೂಲಕ ಒಂದು ಗಣಕದಿಂದ ಇನ್ನೊಂದಕ್ಕೆ ಪತ್ರ ಕಳಿಸುವುದನ್ನು ಅಮೆರಿಕದ ರೇ ಟಾಮ್ಲಿನ್ಸನ್ 1971ರಲ್ಲಿ ಸಾಧಿಸಿದರು. ವಿಳಾಸದ ನಡುವೆ 'ಅಟ್' ಚಿಹ್ನೆಯನ್ನಿಟ್ಟವರೂ ಅವರೇ. 1978ರ ಮೇ ತಿಂಗಳಿನಲ್ಲಿ ಗ್ಯಾರಿ ಥರ್ಕ್ ಎಂಬವರು ತಮ್ಮ ಕಂಪನಿಯ ಗಣಕಗಳ ಪ್ರದರ್ಶನಕ್ಕೆ ಆಹ್ವಾನಿಸಿ, ಕೇಳದಿದ್ದ ಸುಮಾರು 400 ಮಂದಿಗೆ ಒಂದೇ ಪತ್ರವನ್ನು ಕಳಿಸಿದರು. ಈಗ ಸ್ಪ್ಯಾಮ್ ಎಂದು ಕರೆಯುವ ಬೇಡದ ಅಂಚೆಯ ಮೊದಲ ಪತ್ರ ಅದೇ ಎನ್ನುತ್ತಾರೆ. ಅಂಚೆಯ ಕಾರ್ಡಿಗೆ ಬರೆದವನೇ ಕಾಸು ತೆರಬೇಕು. ನೂರು ಕಾರ್ಡು ಬರೆಯುವ ಮೊದಲು ಅವನು ಎರಡು ಸಲ ಯೋಚಿಸುತ್ತಾನೆ. ಮಿಂಚಂಚೆಯಲ್ಲಿ ಲಕ್ಷ ಪತ್ರಗಳಿಗೂ ಕಳಿಸುವವನ ವೆಚ್ಚ ಅತ್ಯಲ್ಪ. ತೆರುವವನು ಓದುವವನು, ಅದೂ ತನ್ನ ಆಯುಷ್ಯದ ನಿಮಿಷಗಳಿಂದ. ಲಕ್ಷದಲ್ಲಿ ನಾಲ್ವರು ಬಲೆಗೆ ಬಿದ್ದರೂ ಕಳಿಸಿದವನಿಗೆ ಲಾಭವೇ. ಆದುದರಿಂದಲೇ ವಿಳಾಸವೆಂಬುದು ಸರಕಾಗಿದೆ. ಅದನ್ನು ಮಾರುತ್ತಾರೆ, ಕೊಳ್ಳುತ್ತಾರೆ, ಕದಿಯುತ್ತಾರೆ.

ಇದಕ್ಕೆ ಮದ್ದೆಂದರೆ ಒಬ್ಬರೇ ಒಂದಕ್ಕಿಂತ ಹೆಚ್ಚು ವಿಳಾಸಗಳನ್ನು ಇಟ್ಟುಕೊಳ್ಳುವುದು. ಜನಸಾಮಾನ್ಯರಿಗೆ ಇದು ಸುಲಭವಾದುದು 1996ರ ಜುಲೈ 4ರಂದು ಹಾಟ್‌ಮೇಲ್ ಎಂಬ ಉಚಿತ ಸೇವೆ ಆರಂಭವಾದ ಮೇಲೆ. ಜ್ಯಾಕ್ ಸ್ಮಿತ್ ಅವರೊಡನೆ ಅದನ್ನು ಕಟ್ಟಿದ ಸಬೀರ್ ಭಾಟಿಯಾ ನಮ್ಮ ಬೆಂಗಳೂರಿನಲ್ಲಿ ಬೆಳೆದು ಓದಿದವರು.

ಮೊದಲನೆಯದಾಗಿ, ಜಗಲಿಯಂತಹ ಎರಡನೆಯ ಖಾತೆಯೊಂದಿರಲಿ. ಅಂಗಡಿ, ರಿಯಾಯಿತಿ ಚೀಟಿ, ಜಾಹೀರಾತಿನ ಆಮಿಷ, ಎಲ್ಲಕ್ಕೂ ಅದನ್ನೇ ಕೊಡಿ. ಅದರ ಗುಪ್ತಪದ ಬೇರೆಯಾಗಿರಲಿ. ಎರಡಕ್ಕೂ ಒಂದೇ ಬೀಗದ ಕೈ ಇದ್ದರೆ ಜಗಲಿಗೆ ಬಂದ ಕಳ್ಳ ನಡುಮನೆಗೂ ಬರುತ್ತಾನೆ. ವಾರಕ್ಕೊಮ್ಮೆ ತೆರೆದು ನೋಡುವುದು ಒಳ್ಳೆಯದು. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸಿಹಾಕುವ ಪದ್ಧತಿಯನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ.

ಎರಡನೆಯದು ಒಂದು ಸಣ್ಣ ಉಪಾಯ. ಜಿಮೇಲಿನಲ್ಲಿ ನಿಮ್ಮ ಹೆಸರಿನ ಮುಂದೆ, 'ಅಟ್' ಚಿಹ್ನೆಗೆ ಮೊದಲು, ಲೆಕ್ಕದಲ್ಲಿ ಬಳಸುವ ಕೂಡುವ ಚಿಹ್ನೆಯನ್ನು ಹಾಕಿ ಅಂಗಡಿಯ ಹೆಸರನ್ನು ಸೇರಿಸಿದರೂ ಪತ್ರ ನಿಮ್ಮ ಪೆಟ್ಟಿಗೆಗೇ ಬರುತ್ತದೆ. ಪುಸ್ತಕದಂಗಡಿಗೆಂದು ಕೊಟ್ಟ ಆ ವಿಳಾಸಕ್ಕೆ ನಾಳೆ ಸಾಲ ಕೊಡುವವನೊಬ್ಬ ಬರೆದರೆ, ಗುಟ್ಟು ಸೋರಿದುದು ಎಲ್ಲಿಂದ ಎಂಬುದು ತಿಳಿಯುತ್ತದೆ. ಆದರೆ ಆ ಚಿಹ್ನೆಯನ್ನು ಕಿತ್ತುಹಾಕಿ ಮೂಲ ವಿಳಾಸವನ್ನು ತಿಳಿಯುವುದು ಬಲ್ಲವರಿಗೆ ಕಷ್ಟವಲ್ಲ. ಇದು ಗುರುತೇ ಹೊರತು ಬೇಲಿಯಲ್ಲ.

ಮೂರನೆಯದು ಮುಸುಕಿನ ವಿಳಾಸ. ಆಪಲ್ ಕಂಪನಿ 2021ರಿಂದ ತನ್ನ ಹಣ ತೆರುವ ಚಂದಾದಾರರಿಗೆ ಇದನ್ನು ಒದಗಿಸಿದೆ. ಮೊಜಿಲ್ಲಾ ಸಂಸ್ಥೆಯ ಫೈರ್‌ಫಾಕ್ಸ್ ರಿಲೇ ಕೂಡ ಇದೇ ಬಗೆಯದು. ಅಂಗಡಿಗೊಂದರಂತೆ ಹೊಸ ವಿಳಾಸ ಹುಟ್ಟುತ್ತದೆ. ಅದಕ್ಕೆ ಬಂದ ಪತ್ರ ನಿಮ್ಮ ನಿಜವಾದ ಪೆಟ್ಟಿಗೆಗೆ ಸೇರುತ್ತದೆ. ಉಪದ್ರವ ಹೆಚ್ಚಿದರೆ ನಲ್ಲಿಯನ್ನು ತಿರುಗಿಸಿದಂತೆ ಅದೊಂದನ್ನೇ ನಿಲ್ಲಿಸಬಹುದು.

ಕೊನೆಯದು ಬಳಸಿ ಬಿಸಾಡುವ ವಿಳಾಸ. ಮೇಲಿನೇಟರ್ ಎಂಬ ಸೇವೆ 2003ರಿಂದ ಇದೆ. ಹತ್ತು ನಿಮಿಷವಷ್ಟೇ ಬದುಕುವ ವಿಳಾಸಗಳನ್ನು ಕೊಡುವವರೂ ಇದ್ದಾರೆ. ಇದು ಊಟದ ಬಾಳೆಯೆಲೆಯಂತೆ: ಉಂಡು ಎಸೆಯಬೇಕು, ಅದರಲ್ಲಿ ಯಾರೂ ನಾಳೆಗೆ ಅನ್ನ ಎತ್ತಿಡುವುದಿಲ್ಲ. ಮೇಲಿನೇಟರಿನ ಉಚಿತ ಪೆಟ್ಟಿಗೆಗೆ ಬೀಗವೇ ಇಲ್ಲ. ಹೆಸರು ಬಲ್ಲ ಯಾರು ಬೇಕಾದರೂ ತೆರೆದು ಓದಬಹುದು. ಬ್ಯಾಂಕು, ಪಿಂಚಣಿ, ಆಸ್ಪತ್ರೆಗಳಿಗೆ ಇಂತಹ ವಿಳಾಸವನ್ನು ಎಂದೂ ಕೊಡಬಾರದು. ಗುಪ್ತಪದ ಮರೆತ ದಿನ ಹೊಸದನ್ನು ಪಡೆಯುವ ಪತ್ರ ಬರುವುದು ಅದೇ ವಿಳಾಸಕ್ಕೆ. ಆಗ ಎಸೆದ ಎಲೆಯನ್ನು ಎಲ್ಲಿ ಹುಡುಕುವುದು?

ಇನ್ನೊಂದು ಎಚ್ಚರಿಕೆ. ಗುರುತಿಲ್ಲದವನ ಪತ್ರದ ಕೊನೆಯಲ್ಲಿ "ಪತ್ರಗಳು ಬೇಡವಾದರೆ ಇಲ್ಲಿ ಒತ್ತಿ" ಎಂದಿದ್ದರೆ ಒತ್ತಬೇಡಿ. ಮನೆಯಲ್ಲಿ ಜನರಿದ್ದಾರೆಂದು ನಾವೇ ಕೂಗಿ ಹೇಳಿದಂತಾಗುತ್ತದೆ. ನೀವಾಗಿಯೇ ವಿಳಾಸ ಕೊಟ್ಟ ಪ್ರತಿಷ್ಠಿತ ಅಂಗಡಿಯ ಪತ್ರಕ್ಕಾದರೆ ಧಾರಾಳವಾಗಿ ಒತ್ತಬಹುದು.

ಇದೆಲ್ಲ ಕಪಟವಲ್ಲವೇ ಎಂದು ಸ್ನೇಹಿತರೊಬ್ಬರು ಕೇಳಿದರು. ಕದವಿಕ್ಕಿಕೊಳ್ಳುವುದು ಸುಳ್ಳಾಡಿದಂತಲ್ಲ ಎಂದೆ. ನಿಜವಾದ ತಪ್ಪು ಇನ್ನೊಂದು ಕಡೆಗಿದೆ: ಆಪ್ತರಿಗೆ ಜಗಲಿಯ ವಿಳಾಸವನ್ನು ಕೊಟ್ಟು, ಆ ಕಡೆ ತಿರುಗಿಯೂ ನೋಡದಿರುವುದು. ಬೇಡದವರನ್ನು ದೂರವಿಡುವ ಈ ಶ್ರಮವೆಲ್ಲ ಬೇಕಾದವರ ದನಿ ಕೇಳಿಸಲೆಂದೇ ಅಲ್ಲವೇ?

ನಾನು ಹಳೆಯ ವಿಳಾಸವನ್ನು ಜಗಲಿಯಾಗಿ ಬಿಟ್ಟುಕೊಟ್ಟು ಹೊಸದೊಂದನ್ನು ಮಾಡಿಕೊಂಡೆ. ಅದನ್ನು ಬಲ್ಲವರು ನಲವತ್ತು ಮಂದಿ; ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆದು ತಿಳಿಸಿದೆ. ಮೊದಲ ಪತ್ರವನ್ನು ಆ ಶಿಷ್ಯನಿಗೆ ಬರೆದೆ. ಅವನ ತಂದೆಯವರ ಬಗ್ಗೆ ಅಂದು ಆಡಬೇಕಾಗಿದ್ದ ನಾಲ್ಕು ಮಾತುಗಳನ್ನೂ ಅದರಲ್ಲಿಯೇ ಬರೆದೆ.