‘ಈಗ ಬೇಡ’ ಎನ್ನುವ ಗುರು

ಭಾನುವಾರ ಬೆಳಗಾದರೆ ಮೈಸೂರಿನ ಬಡಾವಣೆಗಳ ಪಾರ್ಕು, ಶಾಲೆಯ ಅಂಗಳಗಳಲ್ಲಿ ಬಿಳಿ ಉಡುಪಿನ ಮಕ್ಕಳ ಸಾಲು. ‘ಇಚಿ, ನಿ, ಸಾನ್’ ಎಂಬ ಜಪಾನಿ ಎಣಿಕೆ, ನಡುನಡುವೆ ಒಂದು ಗಟ್ಟಿ ಕೂಗು. ಕಾಂಪೌಂಡಿನಾಚೆ ಸ್ಕೂಟರ್ ಮೇಲೆ ಕೂತ ಅಪ್ಪ ಅಮ್ಮಂದಿರ ಮಾತು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತದೆ: ಮುಂದಿನ ಬೆಲ್ಟ್ ಯಾವಾಗ? ಹಳದಿ ಆಯಿತು, ಕಿತ್ತಳೆ ಆಯಿತು, ಇನ್ನು ಹಸಿರಿಗೆ ಪರೀಕ್ಷೆ. ಪರೀಕ್ಷೆಗೆ ಬೇರೆ ಶುಲ್ಕ, ಸರ್ಟಿಫಿಕೇಟಿಗೆ ಎರಡು ಫೋಟೊ.

ಬೆಲ್ಟೂ ಸರ್ಟಿಫಿಕೇಟೂ ಇಲ್ಲದ ಇನ್ನೊಂದು ಬಗೆಯ ಪಾಠಶಾಲೆ ಇದೇ ಊರಿನ ಹಳೆಯ ಮೊಹಲ್ಲಾಗಳಲ್ಲಿ ಇನ್ನೂ ಉಸಿರಾಡುತ್ತಿದೆ. ಹತ್ತು ಜನರ ಗರಡಿಯಂಥ ಹೆಸರುಗಳನ್ನು ಹಳೇ ಮೈಸೂರಿಗರು ಈಗಲೂ ವಿಳಾಸ ಹೇಳುವಂತೆ ಹೇಳುತ್ತಾರೆ. ಗರಡಿಯ ಬಾಗಿಲು ಗಿಡ್ಡ. ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಒಳಗೆ ಕೆಮ್ಮಣ್ಣಿನ ಮಟ್ಟಿ. ಅರಿಶಿನ, ಎಣ್ಣೆ, ಮಜ್ಜಿಗೆ, ಬೇವು ಬೆರೆಸಿ ಹದ ಮಾಡಿದ ಆ ಮಣ್ಣಿಗೆ ಪೂಜೆಯಾಗದೆ ಯಾರೂ ಇಳಿಯುವಂತಿಲ್ಲ. ಹೊಸದಾಗಿ ಸೇರಿದ ಹುಡುಗನಿಗೆ ಸಿಗುವ ಮೊದಲ ಪಾಠ ಕುಸ್ತಿಯಲ್ಲ. ಗುದ್ದಲಿ ಹಿಡಿದು ಮಣ್ಣು ಅಗೆಯಬೇಕು, ಹಿರಿಯರ ಮೈ ತಿಕ್ಕಬೇಕು, ದಂಡೆ ಹೊಡೆಯಬೇಕು, ಬಸ್ಕಿ ತೆಗೆಯಬೇಕು. ಪಟ್ಟು ಯಾವಾಗ ಹೇಳಿಕೊಡುತ್ತೀರಿ ಎಂದು ಕೇಳಿದರೆ ಉಸ್ತಾದರ ಉತ್ತರ ಚಿಕ್ಕದು: ಈಗ ಬೇಡ.

ಕಾದಾಟದ ಕಲೆಯ ಮೌಲ್ಯವೆಲ್ಲ ಈ ಎರಡು ಪದಗಳಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಶಿಸ್ತು, ವಿನಯ, ಏಕಾಗ್ರತೆ ಎಂದು ಬ್ಯಾನರಿನ ಮೇಲೆ ಯಾರು ಬೇಕಾದರೂ ಬರೆಸಬಹುದು. ಕೇಳಿದ್ದನ್ನು ಕೇಳಿದ ದಿನವೇ ಕೊಡದಿರುವ ಧೈರ್ಯ ಗುರುವಿಗಿದೆಯೇ? ಕರಾಟೆಯಾಗಲಿ ಕುಸ್ತಿಯಾಗಲಿ, ನೋಡಬೇಕಾದದ್ದು ಅದನ್ನು. ಪರ್ಷಿಯಾದ ಸಾದಿ ಕವಿ 1258ರಲ್ಲಿ ಬರೆದ ‘ಗುಲಿಸ್ತಾನ್’ನಲ್ಲಿ ಒಬ್ಬ ಜಟ್ಟಿ ಬರುತ್ತಾನೆ. ತನಗೆ ಗೊತ್ತಿದ್ದ 360 ಪಟ್ಟುಗಳಲ್ಲಿ 359ನ್ನು ಶಿಷ್ಯನಿಗೆ ಕಲಿಸಿ ಒಂದನ್ನು ಉಳಿಸಿಕೊಂಡಿರುತ್ತಾನೆ. ಬಲದ ಮದದಲ್ಲಿ ಗುರುವಿಗೇ ಸವಾಲು ಹಾಕಿದ ಶಿಷ್ಯ ಆ ಒಂದಕ್ಕೆ ಸಿಕ್ಕಿ ಮಣ್ಣು ಮುಕ್ಕುತ್ತಾನೆ. ಇದೇ ಧಾಟಿಯ ಕಥೆಗಳು ಗರಡಿಗಳಲ್ಲೂ ಓಡಾಡುತ್ತವೆ. ಉಸ್ತಾದ್, ಪೈಲ್ವಾನ್ ಎಂಬ ಮಾತುಗಳೂ ಆ ಕಡೆಯಿಂದಲೇ ಬಂದವಲ್ಲ.

ತಡೆದು ನಿಲ್ಲಿಸುವ ಈ ವಿದ್ಯೆಯನ್ನು ಮೈಸೂರು ವರ್ಷಕ್ಕೊಮ್ಮೆ ಕಣ್ಣಾರೆ ನೋಡುತ್ತದೆ. ವಿಜಯದಶಮಿಯ ಬೆಳಿಗ್ಗೆ ಅರಮನೆಯೊಳಗೆ ವಜ್ರಮುಷ್ಟಿ ಕಾಳಗ. ಮೈಸೂರು, ಬೆಂಗಳೂರು, ಚಾಮರಾಜನಗರ, ಚನ್ನಪಟ್ಟಣದ ಜಟ್ಟಿ ಮನೆತನಗಳವರು ತಲೆ ಬೋಳಿಸಿ ಜುಟ್ಟು ಬಿಟ್ಟು, ಬಲಗೈ ಬೆರಳುಗಳಿಗೆ ಮೊನಚಾದ ವಜ್ರಮುಷ್ಟಿ ತೊಟ್ಟು ಮಣ್ಣಿಗೆ ಇಳಿಯುತ್ತಾರೆ. ಇವರ ಕುಲದೇವತೆ ನಿಂಬಜಾದೇವಿ. ಗುಜರಾತಿನ ಮೋಢೇರಾದ ಜ್ಯೇಷ್ಠಿಮಲ್ಲರವರೆಗೂ ಇವರ ನೆಂಟಸ್ತಿಕೆ ಹೇಳುತ್ತಾರೆ. ಕಾಳಗ ಶುರುವಾಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಒಬ್ಬನ ತಲೆಯಿಂದ ರಕ್ತ ಚಿಮ್ಮಿದರೆ ಮುಗಿಯಿತು. ಹಿರಿಯರು ನಡುವೆ ಬಂದು ಬಿಡಿಸುತ್ತಾರೆ. ಇನ್ನೊಂದು ಏಟು ಹಾಕಲು ಅವಕಾಶವಿಲ್ಲ, ಗೆದ್ದವನು ಕುಣಿಯುವಂತೆಯೂ ಇಲ್ಲ. ಅಷ್ಟಕ್ಕಾಗಿ ವಾರಗಟ್ಟಲೆ ಸಾಮು, ಪಥ್ಯ, ವ್ರತ. ಜಟ್ಟಿಗಳಲ್ಲಿ ಕೀಲು ಕೂರಿಸುವ, ಉಳುಕು ತೆಗೆಯುವ ವೈದ್ಯರೂ ಇದ್ದರು. ಮೂಳೆ ಹೇಗೆ ಮುರಿಯುತ್ತದೆ ಎಂದು ಬಲ್ಲವನೇ ಅದನ್ನು ಕೂಡಿಸುತ್ತಿದ್ದ.

ಹಾಗೆಂದು ಇದನ್ನೆಲ್ಲ ಪೂಜೆಯ ಪೀಠಕ್ಕೆ ಏರಿಸಬೇಕಿಲ್ಲ. ಟಿಪ್ಪು ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಸೆರೆಯಾಗಿದ್ದ ಬ್ರಿಟಿಷರ ಬರಹಗಳಲ್ಲಿ ಜಟ್ಟಿಗಳು ಅಖಾಡದಲ್ಲೂ ಕಾಣುತ್ತಾರೆ, ಮರಣದಂಡನೆ ಜಾರಿ ಮಾಡುವ ಜಾಗದಲ್ಲೂ ಕಾಣುತ್ತಾರೆ. ದೊರೆ ಹೇಳಿದರೆ ಕೈ ತಡೆಯುತ್ತಿರಲಿಲ್ಲ.

ಕರಾಟೆಯ ಒಳಮನೆಯೂ ಒಂದು ಕಾಲಕ್ಕೆ ಗರಡಿಯಂತೆಯೇ ಇತ್ತು. ಅದನ್ನು ಒಕಿನಾವಾ ದ್ವೀಪದಿಂದ 1922ರಲ್ಲಿ ಟೋಕಿಯೊಗೆ ತಂದು ತೋರಿಸಿದ ಗಿಚಿನ್ ಫುನಕೋಶಿ ವೃತ್ತಿಯಲ್ಲಿ ಶಾಲಾ ಮೇಷ್ಟ್ರು. ಹುಡುಗನಾಗಿದ್ದಾಗ ರಾತ್ರಿ ಹೊತ್ತು ಗುರುವಿನ ಮನೆಯ ಅಂಗಳದಲ್ಲಿ ಕಲಿತವರು. ‘ಕಟಾ’ ಎಂದರೆ ಎದುರಾಳಿ ಇದ್ದಾನೆಂದು ಭಾವಿಸಿ ಒಬ್ಬರೇ ಮಾಡುವ ಹೆಜ್ಜೆ, ಹೊಡೆತ, ತಡೆಗಳ ಸರಣಿ. ಅಂಥ ಮೂರೇ ಮೂರು ಕಟಾಗಳಿಗೆ ತನಗೆ ಹತ್ತು ವರ್ಷ ಹಿಡಿಯಿತು ಎಂದು ಅವರು ಬರೆದುಕೊಂಡಿದ್ದಾರೆ. ಆಗ ಬೆಲ್ಟ್ ಎಂಬುದೇ ಇರಲಿಲ್ಲ. ಜೂಡೊ ಕಟ್ಟಿದ ಜಿಗೊರೊ ಕಾನೊ ಅವರಿಂದ ಆ ಏರ್ಪಾಡನ್ನು ಎರವಲು ಪಡೆದು, ಶಿಷ್ಯರಿಗೆ ಮೊದಲ ಬಾರಿಗೆ ಕಪ್ಪು ಪಟ್ಟಿ ಕೊಟ್ಟದ್ದು 1924ರಲ್ಲಿ. ಬಣ್ಣಬಣ್ಣದ ಪಟ್ಟಿಗಳು ಬಂದದ್ದು ಇನ್ನೂ ಆಮೇಲೆ. ಮಕ್ಕಳು ಸೊಂಟಕ್ಕೆ ಕಟ್ಟಿಕೊಳ್ಳುವ ‘ಪ್ರಾಚೀನ ಪರಂಪರೆ’ಯ ವಯಸ್ಸು ನೂರು ಚಿಲ್ಲರೆ.

ಫುನಕೋಶಿ ಅವರ ಬದುಕಿನಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅವರು ನಾಚಿಕೆಪಟ್ಟ ಸಂಗತಿ. ಮಹಾಯುದ್ಧ ಮುಗಿದಿತ್ತು, ಅವರಿಗೆ ಎಂಬತ್ತರ ಆಸುಪಾಸು. ರಾತ್ರಿ ದಾರಿಯಲ್ಲಿ ಒಬ್ಬ ಅಡ್ಡಗಟ್ಟಿದ. ಬೀಸಿದ ಏಟಿನಡಿ ಬಗ್ಗಿ ಅವರು ಅವನ ಮರ್ಮಕ್ಕೇ ಕೈ ಹಾಕಿ ಹಿಡಿದರು. ಪೊಲೀಸರು ಬಂದರು, ಕಳ್ಳ ಸಿಕ್ಕಿದ. ನಾವಾಗಿದ್ದರೆ ಆ ಕಥೆಯನ್ನು ಮೊಮ್ಮಕ್ಕಳಿಗೂ ಹೇಳುತ್ತಿದ್ದೆವು. ಯುದ್ಧದಿಂದ ಬಂದು ಕೆಲಸ ಸಿಗದ ಸಿಪಾಯಿಯಿರಬಹುದು, ಶಿಷ್ಯರಿಗೆ ಮಾಡಬೇಡಿ ಎಂದದ್ದನ್ನು ನಾನೇ ಮಾಡಿದೆ ಎಂದು ಆ ಮುದುಕರು ಕೊರಗಿದರು. ಕರಾಟೆಯನ್ನು ಪಂದ್ಯ ಮಾಡುವುದೂ ಅವರಿಗೆ ಇಷ್ಟವಿರಲಿಲ್ಲ. ಅವರು ತೀರಿಕೊಂಡ 1957ರಲ್ಲೇ ಜಪಾನ್ ಕರಾಟೆ ಸಂಘ ಮೊದಲ ಚಾಂಪಿಯನ್‌ಷಿಪ್ ನಡೆಸಿತು.

ಪಂದ್ಯ ಬೆಳೆದು ಒಲಿಂಪಿಕ್ಸ್ ತಲುಪಿದ್ದು ಟೋಕಿಯೊದಲ್ಲೇ, 2021ರಲ್ಲಿ. ಪುರುಷರ ಭಾರಿ ತೂಕದ ಫೈನಲ್‌ನಲ್ಲಿ ಸೌದಿಯ ತಾರೆಗ್ ಹಮೇದಿ 4–1ರ ಮುನ್ನಡೆಯಲ್ಲಿದ್ದಾಗ ಬೀಸಿದ ಒದೆ ಇರಾನಿನ ಸಜ್ಜಾದ್ ಗಂಜ್‌ಜಾದೆಯ ತಲೆಗೆ ಬಡಿದು ಅವರು ಪ್ರಜ್ಞೆ ತಪ್ಪಿದರು. ತೀರ್ಪುಗಾರರು ಹಮೇದಿಯನ್ನು ಅನರ್ಹಗೊಳಿಸಿದರು, ಸ್ಟ್ರೆಚರ್ ಮೇಲೆ ಹೊರಹೋದವರಿಗೆ ಚಿನ್ನ ಬಂತು. ಜಗತ್ತೆಲ್ಲ ನಕ್ಕಿತು. ವಜ್ರಮುಷ್ಟಿ ನೋಡಿ ಬೆಳೆದ ಊರಿಗೆ ಮಾತ್ರ ಅದು ಅಷ್ಟೇನೂ ವಿಚಿತ್ರವಲ್ಲ: ಎಲ್ಲಿ ನಿಲ್ಲಬೇಕೆಂದು ತಿಳಿಯದ ಏಟು ಏಟೇ ಅಲ್ಲ. ಮುಂದೆ 2024ರ ಪ್ಯಾರಿಸ್ ಪಟ್ಟಿಯಿಂದ ಕರಾಟೆಯೇ ಬಿಟ್ಟುಹೋಯಿತು.

ಗರಡಿಯ ಪರವಾಗಿ ಇಷ್ಟು ವಾದಿಸಿದ ಮೇಲೆ ಅದರ ಬಾಗಿಲ ಬಗ್ಗೆಯೂ ಹೇಳಬೇಕು. ಅದು ಗಿಡ್ಡ ಮಾತ್ರವಲ್ಲ, ಹೆಣ್ಣುಮಕ್ಕಳಿಗೆ ತಲೆಮಾರುಗಟ್ಟಲೆ ಮುಚ್ಚಿಯೇ ಇತ್ತು. ಬ್ರಹ್ಮಚರ್ಯದ ಹೆಸರಿನಲ್ಲಿ ಅವರ ನೆರಳೂ ಬೇಡವೆಂದ ಜಾಗ ಅದು. ಈಗ ದೊಡ್ಡಕೆರೆ ಮೈದಾನದ ಸಾಹುಕಾರ್ ಚನ್ನಯ್ಯ ಕುಸ್ತಿ ಅಖಾಡದಲ್ಲಿ ದಸರಾ ಸಮಯಕ್ಕೆ ಯುವತಿಯರೂ ಸೆಣಸುತ್ತಾರೆ, ನಿಜ. ಆದರೆ ಮೈಸೂರಿನ ಸಾಮಾನ್ಯ ಮನೆಯ ಹುಡುಗಿಗೆ ಮುಷ್ಟಿ ಕಟ್ಟಲು, ನಾಲ್ಕು ಜನರೆದುರು ಗಟ್ಟಿಯಾಗಿ ಕೂಗಲು ಕಲಿಸಿದ್ದು ಕರಾಟೆ ಕ್ಲಾಸೇ ಹೊರತು ಗರಡಿಯಲ್ಲ. ಬೆಲ್ಟಿನ ವ್ಯಾಪಾರವನ್ನು ಆಡಿಕೊಳ್ಳುವಾಗ ನಾನು ಇದನ್ನು ನೆನಪಿಟ್ಟುಕೊಳ್ಳಲು ಯತ್ನಿಸುತ್ತೇನೆ.

ಸರ್ಕಾರಿ ಶಾಲೆಗಳಲ್ಲಿ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ಯೋಜನೆಯಡಿ ಹೆಣ್ಣುಮಕ್ಕಳಿಗೆ ಕೊಡುವ ತರಬೇತಿಗೆ ಮೂರು ತಿಂಗಳು. ಹತ್ತು ವರ್ಷದಲ್ಲಿ ಮೂರು ಕಟಾ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ‘ಈಗ ಬೇಡ’ ಎನ್ನಲು ಸಮಯವೇ ಇಲ್ಲ. ಪ್ರದರ್ಶನದ ದಿನ ಹೆಂಚು ಒಡೆಸಿ, ಫೋಟೊ ತೆಗೆಸಿ, ನೀನು ಯಾರನ್ನು ಬೇಕಾದರೂ ಎದುರಿಸಬಲ್ಲೆ ಎಂದು ಆ ಹುಡುಗಿಯನ್ನು ನಂಬಿಸುವುದು ಸುಲಭ, ಅಪಾಯಕಾರಿ ಕೂಡ. ಪ್ರಾಮಾಣಿಕ ಶಿಕ್ಷಕರು ಹೆಂಚು ಬಿಟ್ಟು ಬೇರೆ ಮೂರು ಸಂಗತಿ ಕಲಿಸುತ್ತಾರೆ: ಮಣಿಕಟ್ಟು ಬಿಡಿಸಿಕೊಳ್ಳುವುದು, ಕೂಗುವುದು, ಓಡುವುದು. ಓಡುವುದನ್ನು ಪಾಠವೆಂದು ಒಪ್ಪಲು ಗರಡಿಯ ಉಸ್ತಾದರಿಗೆ ಕಷ್ಟವಾಗಬಹುದು. ಫುನಕೋಶಿ ಮೇಷ್ಟ್ರು ಒಪ್ಪುತ್ತಿದ್ದರು.